ಇದನ್ನು ಕೇಳಿದವರು ಯಾರು?

ಕೇಳಿದ್ದನ್ನಷ್ಟೇ ಮಾಡಿಕೊಡುವುದು ಬಡಗಿಯ ಕೆಲಸ. ಕೇಳದ್ದನ್ನೂ ಮಾಡಿಕೊಡುವವನು ಸಾಫ್ಟ್‌ವೇರ್ ಬ್ರಹ್ಮ. ಅಂಥ ಬ್ರಹ್ಮ ಗಂಗಾವತಿಯಲ್ಲಿ ನಾನೊಬ್ಬನೇ. (ಹಾಗೆಂದು ನನ್ನ ವಿಸಿಟಿಂಗ್ ಕಾರ್ಡ್ ಹೇಳುತ್ತದೆ. ಅಚ್ಚು ಹಾಕಿಸಿದವನೂ ನಾನೇ.)

ಕಾರಟಗಿಯ ಅಕ್ಕಿ ಗಿರಣಿ ಮಾಲೀಕ ಅಬ್ದುಲರೌಫ ಸಾಹೇಬರಿಗೆ ನಲವತ್ತೊಂದು ಸೌಲಭ್ಯಗಳ ಸಾಫ್ಟ್‌ವೇರ್ ಮಾಡಿದೆ. ಭತ್ತದ ಚೀಲಗಳಿಗೆ ಬಣ್ಣಬಣ್ಣದ ನಕ್ಷೆ, ಲಾರಿ ಡ್ರೈವರನಿಗೆ ಹುಟ್ಟುಹಬ್ಬದ ಶುಭಾಶಯ, ದಿನಕ್ಕೊಂದು ನುಡಿಮುತ್ತು! ಆ ಪುಣ್ಯಾತ್ಮರು ಚಪ್ಪಾಳೆ ತಟ್ಟುವ ಬದಲು, "ಒಂದೊಂದರ ಮುಂದ ಅದನ್ನ ಕೇಳಿದವ್ರ ಹೆಸರು ಬರೀರಿ. ನಾಳಿ ಮನಿಗೆ ಬಂದು ನೋಡ್ತೀನಿ. ನಾ ಕೇಳಿದ್ದು ಅದರಾಗ ಇರ್ಲಿಲ್ಲಂದ್ರ ಈ ಕೆಲಸ ಬ್ಯಾರೇದವ್ರಿಗೆ" ಎಂದರು.

ಅದೇನು ಮಹಾ! ಪಟ್ಟಿ ಹಿಡಿದು ಕೂತೆ. ನುಡಿಮುತ್ತಿನ ಮುಂದೆ 'ಲಲಿತಾ' ಎಂದು ಬರೆಯುವಾಗ ಆ ಹೆಸರಿನ ಒಡತಿ, ಅರ್ಥಾತ್ ನನ್ನ ಧರ್ಮಪತ್ನಿ, ಬೆನ್ನ ಹಿಂದೆಯೇ ನಿಂತಿದ್ದಳು.

"ನಾ ಯಾವಾಗ ಕೇಳಿದ್ನಿರಿ ಇದನ್ನ?"

"ನಿನ್ನ ಮನಸ್ಸಿನಾಗ ಇತ್ತು. ನಾ ತಿಳ್ಕೊಂಡೆ."

"ಅಯ್ಯ, ಎಂಥಾ ಶಾಣ್ಯಾ ಗಂಡ! ಮಿಕ್ಸರ್ ರಿಪೇರಿ ಮಾಡ್ರಿ ಅಂತ ಮೂರು ತಿಂಗಳಿಂದ ಬಾಯಿಬಿಟ್ಟು ಹೇಳಾಕತ್ತೀನಿ. ಅದು ಯಾವ ಸಾಲಿನಾಗ ಐತಿ?"

(ಹೆಂಗಸರಿಗೆ ತಂತ್ರಜ್ಞಾನ ತಿಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಜೋರಾಗಿ ಅನ್ನುವಷ್ಟು ಧೈರ್ಯ ದೇವರು ಕೊಟ್ಟಿಲ್ಲ.) ಅವಳ ಹೆಸರು ಹೊಡೆದುಹಾಕಿ, ನಲವತ್ತೊಂದಕ್ಕೂ ನನ್ನ ಹೆಸರನ್ನೇ ಬರೆದೆ.

ಮರುದಿನ ಸಾಹೇಬರು ಪಟ್ಟಿ ಓದಿ ಕನ್ನಡಕ ತೆಗೆದರು. "ಎಲ್ಲಾ ಕಡಿ ನಿಮ್ಮ ಹೆಸರಽ ಐತಲ್ರಿ ಯಂಕೇಶ! ಗಿರಣಿ ನಂದೋ ನಿಮ್ದೋ? ನಾ ಕೇಳಿದ್ದು ಎಲ್ಲೈತಿ?"

ಅವರು ಏನು ಕೇಳಿದ್ದರೆಂಬುದೇ ನೆನಪಿಲ್ಲ! ಮೊದಲ ಸಲ ಮನೆಗೆ ಬಂದು ಅದನ್ನು ಹೇಳುವಾಗ ನಾನು ನಕ್ಷೆಗೆ ಬಣ್ಣ ಆರಿಸುತ್ತಿದ್ದೆ. ಕೆಲಸ ಕೈಬಿಟ್ಟು ಹೋಯಿತು ಅಂದುಕೊಂಡೆ.

"ತೂಕದ ಚೀಟಿ ದೊಡ್ಡ ಅಕ್ಷರದಾಗ ಬರ್ಬೇಕು ಅಂದಿದ್ರಿ," ಎಂದಳು ಲಲಿತಾ, ತಟ್ಟೆಯಲ್ಲಿ ಒಗ್ಗರಣಿ ಮಂಡಕ್ಕಿ-ಮಿರ್ಚಿ ತಂದಿಡುತ್ತ. "ಮರಳಿ ಊರಿನ ಕಡಿ ರೈತರು ಚೀಟಿ ಓದಾಕ ಬರವಲ್ದು ಅಂತ ದಿನಾ ಜಗಳಾ ತಗೀತಾರಂತ."

ಸಾಹೇಬರ ಮುಖ ಅರಳಿತು. "ಶಾಭಾಸ್ ತಂಗಿ! ಕೆಲಸ ನಿಮಗಽ. ಆದ್ರ ಇನ್ನ ಮ್ಯಾಲ ನಾ ನಿಮಗ ಹೇಳ್ತೀನಿ, ನೀವು ಬರ್ಕೊಳ್ರಿ. ಯಂಕೇಶ, ನೀವು ಒಂದೀಟು ಚಾ ತರ್ರಿ."

ಚಹಾ ಮಾಡಿ ತಂದೆ. (ಸಕ್ಕರೆ ಇರಲಿಲ್ಲವಂತೆ. ಯಾರೂ ಕೇಳಿರಲಿಲ್ಲ.)

ಈಗ ಪಟ್ಟಿ ಲಲಿತಾಳ ಕೈಯಲ್ಲಿದೆ. ಮೊದಲ ಸಾಲು: ಮಿಕ್ಸರ್ ರಿಪೇರಿ. ಕೇಳಿದವರು: ಲಲಿತಾ. ಮುಗಿಯಬೇಕಾದ ದಿನ: ಇವತ್ತು. ಸಾಫ್ಟ್‌ವೇರ್ ಬ್ರಹ್ಮ ಸ್ಕ್ರೂಡ್ರೈವರ್ ಹುಡುಕುತ್ತಿದ್ದಾನೆ. ಅದು ಎಲ್ಲಿದೆ ಎಂದೂ ಅವಳನ್ನೇ ಕೇಳಬೇಕು.