ಸೌಟು ಯಾರ ಕೈಯಲ್ಲಿ?

ಔಲಿಸ್ ಕರ್ಪಿನೆನ್‌ನ ಹೊಟ್ಟೆಯೊಳಗೆ ಮೂರು ವರ್ಷದಿಂದ ಉರಿಯುತ್ತಿದ್ದ ಬೆಂಕಿಗೆ ಕಾರಣ ಒಂದು ಮರದ ಸೌಟು.

ಮುತಾಯಾರ್ವಿ ಸರೋವರದ ದಡದಲ್ಲಿ ಮೂರು ಮನೆ, ಮೂರು ಮನೆಗೂ ಸೇರಿ ಒಂದೇ ಹೊಗೆ-ಸೌನಾ, ಅಂದರೆ ಹಬೆಸ್ನಾನದ ಮರದ ಮನೆ. ಮೂರು ಮನೆಯವರ ಅಜ್ಜಂದಿರು ಜಗಳವಾಡುತ್ತಲೇ ಒಟ್ಟಿಗೆ ಕಟ್ಟಿದ್ದು. ಅದಕ್ಕೆ ಚಿಮಣಿ ಇಲ್ಲ. ಬೆಳಿಗ್ಗೆ ಕಲ್ಲೊಲೆಗೆ ಬೆಂಕಿ ಹಾಕಿದರೆ ಬಾಗಿಲು, ಕಿಂಡಿಗಳಿಂದ ಐದಾರು ಗಂಟೆ ಹೊಗೆ ಬರುತ್ತಲೇ ಇರುತ್ತದೆ. ಹೊಗೆ ಹೋದ ಮೇಲೆ ಗಂಡಸರು ಬೆತ್ತಲೆಯಾಗಿ ಮೇಲಿನ ಮೆಟ್ಟಿಲ ಮೇಲೆ ಸಾಲಾಗಿ ಕೂರುತ್ತಾರೆ. ಕೆಳಗಿನ ಮೆಟ್ಟಿಲಲ್ಲಿ ಬಿಸಿ ಕಡಿಮೆ, ಅದು ಮಕ್ಕಳಿಗೆ. ಕಾದ ಕಲ್ಲಿನ ಮೇಲೆ ನೀರು ಎರಚುವುದು ಸೌಟು ಹಿಡಿದವನ ಹಕ್ಕು. ಯಾವಾಗ, ಎಷ್ಟು ಎಂಬುದೆಲ್ಲ ಅವನಿಷ್ಟ. ಉಳಿದವರು ಬಾಯಿ ಮುಚ್ಚಿಕೊಂಡು ಬೇಯಬೇಕು.

ಆ ಸೌಟು ಮೂರು ವರ್ಷದಿಂದ ಪಕ್ಕದ ಮನೆಯ ಟೈಸ್ಟೊನ ಕೈಯಲ್ಲಿತ್ತು. ಔಲಿಸನ ಕಿವಿಗಳು ತುಸು ದೊಡ್ಡವು. ಬಿಸಿ ಮೊದಲು ತಾಗುವುದೇ ಅಲ್ಲಿಗೆ. ಟೈಸ್ಟೊ ಮೂರನೆಯ ಸೌಟು ಎರಚುವ ಹೊತ್ತಿಗೆ ಅವನು ಎರಡೂ ಕಿವಿ ಮುಚ್ಚಿಕೊಂಡು ಕೆಳಗಿಳಿಯುತ್ತಿದ್ದ. ಆಗ ಟೈಸ್ಟೊ ಒಂದು ಶನಿವಾರವೂ ತಪ್ಪಿಸದೆ ಹೇಳುತ್ತಿದ್ದ: “ಕೂತ್ಕೊ ಕಣೋ ಔಲಿಸ್, ಮಕ್ಕಳ ಮೆಟ್ಟಿಲು ಖಾಲಿ ಇದೆ.”

ಕಾಗದದ ಮಿಲ್ಲಿನಲ್ಲಿ ಮೂವತ್ತೆಂಟು ವರ್ಷ ಫಿಟ್ಟರ್ ಆಗಿದ್ದ ಅರವತ್ತೊಂದರ ಗಂಡಸು ಈ ಮಾತನ್ನು ನೂರೈವತ್ತು ಸಲ ಕೇಳಿದ್ದ. ಮೊದಲೇ ಅವನಿಗೆ ಸಿಟ್ಟು ಮೂಗಿನ ತುದಿಯಲ್ಲಿ. ಹೋದ ಶರತ್ಕಾಲದಲ್ಲಿ ಅದೇ ಮಾತು ಕೇಳಿ ಕಾಲು ಝಾಡಿಸಿದಾಗ ಸೌನಾದ ಹಲಗೆಯೇ ಮುರಿದಿತ್ತು. “ಮೂವರೂ ಸೇರಿ ಸರಿಮಾಡೋಣ” ಎಂದ ಟೈಸ್ಟೊ. ಔಲಿಸ್ ಮನೆಗೆ ಹೋಗಿ ಬಣ್ಣದ ಡಬ್ಬಿ ತಂದು, ಒಂದು ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದು, ದಾರಿಬದಿಯ ಪೈನ್ ಮರಕ್ಕೆ ನಾಲ್ಕು ಮೊಳೆ ಹೊಡೆದು ಜಡಿದ:

‘ಸೌಟು ಹಿಡಿದವನೇ ಸೌನಾಕ್ಕೆ ಹೊಣೆ. ಏನೇ ಕೆಟ್ಟರೂ. ಯಾರೇ ಕೆಡಿಸಿದರೂ. ಒಬ್ಬನೇ ಸರಿಮಾಡತಕ್ಕದ್ದು.’

ಟೈಸ್ಟೊ ಅದನ್ನು ಎರಡು ಸಲ ಓದಿದ. “ಆಗ್ಲಿ” ಎಂದು ಒಬ್ಬನೇ ಹೊಸ ಹಲಗೆ ಹಾಕಿದ. ಮುಂದಿನ ಶನಿವಾರ ಆರು ಸೌಟು ನೀರು ಎರಚಿದ.

ಸೌಟು ಕೈ ಬದಲಾಯಿಸುವುದು ವರ್ಷಕ್ಕೆ ಒಂದೇ ದಿನ, ಮಾರ್ಚ್ ತಿಂಗಳ ಕೊನೆಯ ಭಾನುವಾರ. ಅಂದು ಹೆಪ್ಪುಗಟ್ಟಿದ ಸರೋವರದ ಮೇಲೆ ಜಾರುಬಂಡಿ ಪಂದ್ಯ. ಸೌನಾದ ಮುಂದಿನ ಕಟ್ಟೆಯಿಂದ ಹೊರಟು, ದ್ವೀಪ ಸುತ್ತಿ, ಅಲ್ಲಿಗೇ ಮರಳಬೇಕು. ಬಂಡಿ ಮನೆಯಲ್ಲೇ ಮಾಡಿದ್ದಾಗಿರಬೇಕು. ಗೆದ್ದವನು ಸೌಟು ಪಡೆದು, ವರ್ಷದ ಮೊದಲ ಸೌನಾವನ್ನು ತನ್ನ ಕೈಯಾರೆ ಹೊತ್ತಿಸುತ್ತಾನೆ. ಸೌಟಿನ ವರ್ಷ ಶುರುವಾಗುವುದೇ ಅಂದು; ಪಂದ್ಯ ಮುಗಿಯುವವರೆಗೆ ಯಾರೂ ಕಡ್ಡಿ ಗೀರುವಂತಿಲ್ಲ.

ಈ ಸಲ ಔಲಿಸ್ ಮಾಡಿದ್ದು ಜೆಟ್.

ಗುಜರಿ ಲಾರಿಯ ಟರ್ಬೊ, ಒಂದಿಷ್ಟು ತಾಮ್ರದ ಕೊಳವೆ, ಹಿಮದ ಮೇಲೆ ಕಾಲಲ್ಲಿ ಒದ್ದು ಓಡಿಸುವ ಹಳೆಯ ಒದೆಬಂಡಿಯ ಉಕ್ಕಿನ ಪಟ್ಟಿ. ಒಳಗೆ ಬೆಂಕಿ ಉರಿಯಲು ಒಂದು ಗಟ್ಟಿ ಸಿಲಿಂಡರ್ ಬೇಕಿತ್ತು. ಸೌನಾದ ಬಾಗಿಲ ಪಕ್ಕದಲ್ಲಿ ಹದಿನೈದು ವರ್ಷದಿಂದ ಜೇಡರ ಬಲೆ ಕಟ್ಟಿಸಿಕೊಂಡು ನೇತಾಡುತ್ತಿದ್ದ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಅಳತೆಗೆ ಸರಿಯಾಗಿ ಕೂತಿತು.

ಪಂದ್ಯದ ಬೆಳಿಗ್ಗೆ ಹೆಂಡತಿ ಹಿಲ್ಕಾ ಕಾಫಿ ಲೋಟ ಹಿಡಿದು ಷೆಡ್ಡಿನ ಬಾಗಿಲಲ್ಲಿ ನಿಂತಳು.

“ಅಂಗಳದ ಮಂಜು ಎತ್ತೋಕೆ ನಿಂಗೆ ಸೊಂಟ ನೋವು. ಇದನ್ನ ಎತ್ತೋಕೆ ಇಲ್ವಾ?”

“ಇದು ಬೇರೆ.”

“ಹೋದ ಸಲ ಸಿಟ್ಟಲ್ಲಿ ಹಲಗೆ ಮುರಿದೆ. ಈ ಸಲ ಏನು ಮುರೀತೀಯ?”

“ಟೈಸ್ಟೊನ ಕೊಬ್ಬು” ಎಂದ ಔಲಿಸ್, ಕಾಫಿಯನ್ನೂ ಕುಡಿಯದೆ.

ಕಟ್ಟೆಯ ಬಳಿ ಟೈಸ್ಟೊ ಆಗಲೇ ಬಂದು ನಿಂತಿದ್ದ. ಅವನದು ಮರ ಕೊಯ್ಯುವ ಗರಗಸದ ಎಂಜಿನ್ನಿಗೆ ಫ್ಯಾನಿನ ರೆಕ್ಕೆ ಕಟ್ಟಿದ ಬಂಡಿ. ಮೂರು ವರ್ಷ ಗೆದ್ದದ್ದು ಅದೇ. ಮೂರನೆಯ ಗೆಳೆಯ ಓರ್ವೊ ಒದೆಬಂಡಿಗೆ ಕಿಟಕಿಯ ಪರದೆ ಕಟ್ಟಿ ಹಾಯಿ ಎಂದು ಕರೆದಿದ್ದ. ಅವನಿಗೆ ಗೆಲ್ಲುವ ಆಸೆ ಇರಲಿಲ್ಲ, ಹೊರಗೆ ಬಿಸಿಲಿತ್ತು, ಬಂದಿದ್ದ. ತೀರ್ಪುಗಾರ್ತಿ ಓರ್ವೊನ ತಾಯಿ, ಎಂಬತ್ತೆರಡರ ಸೈಮಿ. ಸೌನಾದ ಸೂರಿನಡಿ ಒಟ್ಟಿದ್ದ ಬರ್ಚ್ ಸೌದೆಗೆ ಬೆನ್ನು ಕೊಟ್ಟು, ಕುರ್ಚಿಯಲ್ಲಿ, ಮಡಿಲಲ್ಲಿ ಸೌಟು, ಕಾಫಿ ಕೆಟಲು, ಒಂದು ನೋಟ್‌ಬುಕ್ ಇಟ್ಟುಕೊಂಡು ಕೂತಿದ್ದಳು.

ಟೈಸ್ಟೊ ಜೆಟ್ಟಿನ ಸುತ್ತ ಒಂದು ಪ್ರದಕ್ಷಿಣೆ ಬಂದ. “ಏನೋ ಇದು? ಹಿಲ್ಕಾಗೆ ತಲೆ ಕೂದಲು ಒಣಗಿಸೋ ಮೆಷಿನ್ನಾ?”

“ಇವತ್ತು ನಿನ್ನ ಗರ್ವ ಒಣಗಿಸುತ್ತೆ, ನೋಡ್ತಿರು.”

“ಆಯ್ತಪ್ಪ. ನಾನಂತೂ ಒಲೇಲಿ ಸೌದೆ ಜೋಡಿಸಿಟ್ಟೇ ಬಂದಿದೀನಿ. ಗೆದ್ದು ಬಂದು ಕಡ್ಡಿ ಗೀರೋದಷ್ಟೇ ಬಾಕಿ.”

ಔಲಿಸನ ಪಿತ್ತ ನೆತ್ತಿಗೇರಿತು. “ನೀವೇ ಕೇಳಿದ್ರಲ್ಲ ಸೈಮಿ ಅತ್ತೆ! ಗೆಲ್ಲೋಕೆ ಮುಂಚೆ ಸೌದೆ ಜೋಡಿಸಿದಾನೆ!”

“ಜೋಡಿಸೋದು ತಪ್ಪಲ್ಲ, ಹೊತ್ತಿಸೋದು ತಪ್ಪು” ಎಂದಳು ಸೈಮಿ. “ಬೇಗ ಹೊರಡ್ರೋ, ನನ್ನ ಕಾಲು ಮರಗಟ್ಟಿ ಹೋಗ್ತಿದೆ.” ಚಮಚದಿಂದ ಕೆಟಲನ್ನು ಢಣ್ ಎಂದು ಬಾರಿಸಿದಳು.

ಟೈಸ್ಟೊನ ಗರಗಸ ಕಿರುಚುತ್ತ ಹೊರಟಿತು. ಓರ್ವೊನ ಪರದೆಗೂ ಗಾಳಿ ತುಂಬಿತು. ಜೆಟ್ ಮಾತ್ರ ಉಸ್ಸೆಂದು ಉಸಿರು ಬಿಟ್ಟು ಸುಮ್ಮನಾಯಿತು.

ಔಲಿಸ್ ಎಲೆ ಊದುವ ಯಂತ್ರದಿಂದ ಟರ್ಬೊಕ್ಕೆ ಗಾಳಿ ಕೊಟ್ಟ. ಎಣ್ಣೆ ಬಿಟ್ಟ. ಕಿಡಿ ಕೊಟ್ಟ. ಇಲ್ಲ. ಬೈದ. ಇನ್ನಷ್ಟು ಎಣ್ಣೆ ಬಿಟ್ಟ. ಮಿಲ್ಲಿನ ಮೇಸ್ತ್ರಿಯಿಂದ ಹಿಡಿದು ಟೈಸ್ಟೊನ ಅಜ್ಜನವರೆಗೆ ಎಲ್ಲರನ್ನೂ ಹೆಸರು ಹಿಡಿದು ಬೈದು, ಬೂಟುಗಾಲಲ್ಲಿ ಒಂದು ಒದ್ದ. ಜೆಟ್‌ಗೆ ಬೇಕಿದ್ದುದು ಅದೇ ಇರಬೇಕು. ಢಮ್ಮೆಂದು ಹಿಂದಿನಿಂದ ಎರಡು ಮಾರುದ್ದದ ಬೆಂಕಿಯ ನಾಲಿಗೆ ಹೊರಬಂತು.

“ಅಯ್ಯೋ ನನ್ನ ಶಾಲು!”

ಸೈಮಿಯ ಉಣ್ಣೆ ಶಾಲಿನ ಕುಚ್ಚಿಗೆ ಬೆಂಕಿ ಹತ್ತಿತ್ತು. ಹಿಲ್ಕಾ ಓಡಿಬಂದು ಕೈಗವಸಿನಿಂದ ಬಡಿದು ಬಡಿದು ಆರಿಸಿದಳು. “ಕಣ್ಣು ಕಾಣಲ್ವಾ ನಿಂಗೆ? ಅವರನ್ನ ಸುಟ್ಟೇ ಬಿಡ್ತಿದ್ದೆಯಲ್ಲೋ!”

“ಆರಿತು ತಾನೆ? ಮತ್ತೇನು!” ಎಂದು ಕೂಗಿ ಔಲಿಸ್ ಬಂಡಿ ಹತ್ತಿದ. ಹಿಲ್ಕಾ ಸೈಮಿಯನ್ನು ಕುರ್ಚಿ ಸಮೇತ ದೂರದಲ್ಲಿ ಪಂದ್ಯ ಮುಗಿಯುವ ಗುರುತಿಗೆ ನೆಟ್ಟಿದ್ದ ಗೆರೆಕಂಬದ ಬಳಿಗೆ, ಬಿಸಿಲಿಗೆ ಎಳೆದುಕೊಂಡು ಹೋದಳು. ಕೆಟಲು ಮಾತ್ರ ಉರುಳಿ ಸೌದೆಯ ಬುಡದಲ್ಲೇ ಉಳಿಯಿತು. ಇಬ್ಬರೂ ಸರೋವರದ ಕಡೆ ಮುಖ ಮಾಡಿ ಕೂತರು.

ಜೆಟ್ ಓಡಿತು. ಓಡಿತು ಎನ್ನುವುದು ಕಡಿಮೆಯೇ. ಅದು ಔಲಿಸನನ್ನು ಅಪಹರಿಸಿತು. ಕಣ್ಣಲ್ಲಿ ನೀರು, ಕಿವಿಯಲ್ಲಿ ನೂರು ಎಮ್ಮೆಗಳ ಅರಚಾಟ. ಓರ್ವೊನನ್ನು ದಾಟಿದಾಗ ಬೀಸಿದ ಗಾಳಿಗೆ ಅವನ ಪರದೆ ಹಾರಿ ಹೋಗಿ ಹಿಮದ ಮೇಲೆ ಬಿತ್ತು. ಓರ್ವೊ ಬೇಜಾರಿಲ್ಲದೆ ಇಳಿದು ಅದನ್ನು ಮಡಚತೊಡಗಿದ. ದ್ವೀಪ ಎದುರಿಗೆ ಬಂದಾಗಲಷ್ಟೇ ಔಲಿಸನಿಗೆ ಒಂದು ವಿಷಯ ಹೊಳೆಯಿತು: ಇಡೀ ಚಳಿಗಾಲ ಎಂಜಿನ್ನಿಗೇ ಹೋಗಿತ್ತು, ತಿರುಗಿಸುವುದು ಹೇಗೆ, ನಿಲ್ಲಿಸುವುದು ಹೇಗೆ ಎಂದು ಅವನು ಯೋಚಿಸಿಯೇ ಇರಲಿಲ್ಲ. ಎಡಗಾಲನ್ನು ಹಿಮಕ್ಕೆ ಊರಿ, ಬೂಟಿನ ಹಿಮ್ಮಡಿ ಸವೆಸುತ್ತ ದ್ವೀಪದ ಹಿಂಬದಿಯವರೆಗೆ ಹೇಗೋ ಸುತ್ತಿದ. ಅಲ್ಲಿ ಜೆಟ್ ಕೆಮ್ಮಿ ನಿಂತುಹೋಯಿತು.

ಮತ್ತೆ ಗಾಳಿ, ಮತ್ತೆ ಎಣ್ಣೆ, ಮತ್ತೆ ಟೈಸ್ಟೊನ ಅಜ್ಜ. ಕಾಲು ಗಂಟೆ ಹೋಯಿತು. ಬಂಡಿಯನ್ನು ಎಳೆದುಕೊಂಡು ದ್ವೀಪದ ಮೂಲೆ ದಾಟಿ ದಡದ ಕಡೆ ನೋಡಿದರೆ, ಟೈಸ್ಟೊ ಮರಳುವ ದಾರಿಯ ಅರ್ಧದಲ್ಲಿ ನಿಂತು ರೆಕ್ಕೆಗೆ ಅಂಟಿದ ಮಂಜು ಕೆರೆಯುತ್ತಿದ್ದ. ಅವನ ಆಚೆ, ದಡದಲ್ಲಿ, ಸೌನಾದಿಂದ ದಟ್ಟವಾಗಿ ಹೊಗೆ ಏಳುತ್ತಿತ್ತು.

ಔಲಿಸ್ ಎಳೆಯುತ್ತಿದ್ದ ಬಂಡಿಯನ್ನು ಬಿಟ್ಟು ನಿಂತ. ಟೈಸ್ಟೊ! ಹೊತ್ತಿಸಿಬಿಟ್ಟಿದ್ದಾನೆ! ಪಂದ್ಯ ಮುಗಿಯುವ ಮೊದಲೇ, ಗೆಲ್ಲುವುದು ತಾನೇ ಎಂಬ ಧೈರ್ಯದ ಮೇಲೆ, ಹೊರಡುವಾಗಲೇ ಒಲೆಯಲ್ಲಿ ಕೊಳ್ಳಿ ಇಟ್ಟು ಬಂದಿದ್ದಾನೆ! ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲವಷ್ಟೆ? ನೂರೈವತ್ತು ಶನಿವಾರಗಳ ಅವಮಾನ ಒಂದು ಕಡೆ, ಈ ಹೊಗೆ ಒಂದು ಕಡೆ. ಔಲಿಸ್ ಜೆಟ್‌ಗೆ ಒದ್ದ ಒದೆತಕ್ಕೆ ಅದು ಒಂದೇ ಸಲಕ್ಕೆ ಗರ್ಜಿಸಿತು. ಎಣ್ಣೆಯ ತಿರುಪನ್ನು ಕೊನೆಯವರೆಗೂ ತಿರುಗಿಸಿದ.

ಅವನು ಹತ್ತಿರ ಬರುವಾಗ ಟೈಸ್ಟೊ ಎರಡೂ ಕೈ ಬೀಸುತ್ತ, ದಡದ ಕಡೆ ತೋರಿಸುತ್ತ, ಬಾಯಿ ದೊಡ್ಡದು ಮಾಡಿ ಏನೋ ಕಿರುಚುತ್ತಿದ್ದ. ಜೆಟ್ಟಿನ ಸದ್ದಿಗೆ ಒಂದು ಅಕ್ಷರವೂ ಕೇಳಿಸಲಿಲ್ಲ.

“ಕಾಣುತ್ತೆ ಕಣೋ, ಕಾಣುತ್ತೆ!” ಎಂದು ಅರಚಿದ ಔಲಿಸ್. “ನಿನ್ನ ಹೊಗೆ ನಾನು ಬಿಡಿಸ್ತೀನಿ!”

ದಡದಲ್ಲಿ ಹಿಲ್ಕಾ ಮೂಗೆತ್ತಿ ಗಾಳಿ ಮೂಸಿದಳು. “ಯಾರೋ ಸೌನಾ ಹೊತ್ತಿಸಿದ ಹಾಗಿದೆ.”

“ಒಳ್ಳೇದಾಯ್ತು ಬಿಡು, ಮೂಳೆಯೆಲ್ಲ ತಣ್ಣಗಾಗಿದೆ” ಎಂದಳು ಸೈಮಿ, ತಿರುಗಿ ನೋಡದೆ. “ನೋಡು, ನೋಡು, ನಿನ್ನ ಗಂಡ ಬಂದ. ಇವನು ನಿಲ್ಲಿಸೋದು ಹೇಗೆ?”

ನಿಲ್ಲಿಸಲಿಲ್ಲ. ಗೆರೆಕಂಬವನ್ನು ಗಾಳಿಯ ಹಾಗೆ ದಾಟಿದ ಔಲಿಸ್, ಮಿಂದೇಳಲೆಂದು ಕಟ್ಟೆಯ ಬಳಿ ಮಂಜುಗಡ್ಡೆ ಕೊರೆದು ಮಾಡಿದ್ದ ನೀರಿನ ಹೊಂಡಕ್ಕೆ ಬಂಡಿ ಸಮೇತ ಇಳಿದ. ಜೆಟ್ ಬುಸ್ಸೆಂದು ಉಗಿ ಬಿಟ್ಟು ಸರೋವರದ ತಳ ಸೇರಿತು. ಔಲಿಸ್ ಮಾತ್ರ ಏಣಿ ಹಿಡಿದು, ಹಿಲ್ಕಾ ಕಾಲರ್ ಹಿಡಿದು ಎಳೆದ ಬಳಿಕ ಮೇಲೆ ಬಂದ. ಬಟ್ಟೆ ನೋಡನೋಡುತ್ತ ಹೆಪ್ಪುಗಟ್ಟಿ ತಗಡಿನಂತಾಯಿತು. ಹಲ್ಲು ಕಟಕಟ.

“ಸೌ... ಸೌಟು!” ಎಂದು ಕೈ ಚಾಚಿದ.

ಸೈಮಿ ನೋಟ್‌ಬುಕ್ಕಿನಲ್ಲಿ ಹೆಸರು ಬರೆದು ಸೌಟು ಕೊಟ್ಟಳು. ಔಲಿಸ್ ಅದನ್ನು ಎದೆಗೊತ್ತಿಕೊಂಡ. ಆ ಒಂದು ಗಳಿಗೆ, ನಿಜ ಹೇಳಬೇಕೆಂದರೆ, ಅವನಿಗೆ ಸಿಟ್ಟೇ ಇರಲಿಲ್ಲ.

ಅಷ್ಟರಲ್ಲಿ ಟೈಸ್ಟೊ ಬಂಡಿ ಬಿಟ್ಟು ಏದುಸಿರು ಬಿಡುತ್ತ ಓಡಿಬಂದ. ಹಿಂದೆ ಓರ್ವೊ, ಕಂಕುಳಲ್ಲಿ ಪರದೆ.

“ಬಂದ್ಯಾ ಕಳ್ಳ!” ಔಲಿಸ್ ಸೌಟು ಎತ್ತಿದ. “ಯಾರನ್ನ ಕೇಳಿ ಸೌನಾ ಹೊತ್ತಿಸ್ದೆ? ಹೇಳು! ಚಳಿಗೆ ಸಾಯ್ತಿದೀನಿ ಅಂತ ಬಿಟ್ಟಿದೀನಿ, ಇಲ್ಲಾಂದ್ರೆ...”

“ನಾನಾ?” ಟೈಸ್ಟೊ ಕಣ್ಣರಳಿಸಿದ. “ನೀನು ಹೊತ್ತಿಸಿದೀಯ, ಮೋಸ, ಮೋಸ ಅಂತ ನಾನು ಅಲ್ಲಿಂದ ಬಾಯಿ ಬಡ್ಕೋತಿದೀನಿ!”

“ನಾನು ಯಾಕೆ ಹೊತ್ತಿಸ್ಲಿ? ಓರ್ವೊ?”

“ನಾನು ಪರದೆ ಹುಡುಕ್ತಿದ್ದೆ.”

ಎಲ್ಲರೂ ಸೈಮಿಯ ಕಡೆ ನೋಡಿದರು. “ಈ ಮೊಣಕಾಲಲ್ಲಿ ನಾನು ಒಲೆ ಮುಂದೆ ಬಗ್ಗಿದ್ರೆ ಏಳಿಸೋಕೆ ಕ್ರೇನ್ ಬೇಕಾಗುತ್ತೆ” ಎಂದಳು ಅವಳು.

ಆಗ ಸೌನಾದ ಸಣ್ಣ ಕಿಟಕಿಯ ಗಾಜು ಟಪ್ಪೆಂದು ಸಿಡಿಯಿತು. ಸೂರಿನಡಿಯ ಸೌದೆ ರಾಶಿ, ಸೈಮಿ ಬೆನ್ನು ಕೊಟ್ಟು ಕೂತಿದ್ದ ಅದೇ ರಾಶಿ, ಅಡಿಯಿಂದ ಮುಡಿಯವರೆಗೆ ಧಗಧಗನೆ ಉರಿಯುತ್ತಿತ್ತು. ಹೊಗೆ ಬರುತ್ತಿದ್ದುದು ಒಲೆಯಿಂದಲ್ಲ, ಗೋಡೆಯಿಂದ. ಯಾರೂ ಸೌನಾದ ಒಳಗೆ ಬೆಂಕಿ ಹಾಕಿರಲಿಲ್ಲ. ಒಬ್ಬ ಹೊರಗಿನಿಂದ ಹಾಕಿದ್ದ, ಎರಡು ಮಾರುದ್ದದ್ದು.

“ಸಿಲಿಂಡರ್! ಬೆಂಕಿ ಆರಿಸೋ ಕೆಂಪು ಸಿಲಿಂಡರ್ ಎಲ್ಲಿ?” ಟೈಸ್ಟೊ ಬಾಗಿಲ ಕಡೆ ಓಡಿ, ಖಾಲಿ ಮೊಳೆಯನ್ನು ನೋಡಿ ನಿಂತ.

ಔಲಿಸ್ ನೀರಿನ ಹೊಂಡದ ಕಡೆ ನೋಡಿದ. ಅಲ್ಲಿಂದ ಒಂದು ಗುಳ್ಳೆ ಬಂತು.

“ಬಕೆಟ್?” ಎಂದ ಓರ್ವೊ.

“ಎಲ್ಲಾ ಒಳಗಿದೆ. ಮನೆಯಿಂದ ತರೋಷ್ಟರಲ್ಲಿ ಸೌನಾ ಮುಗಿದಿರುತ್ತೆ” ಎಂದ ಟೈಸ್ಟೊ.

ಹಿಲ್ಕಾ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿದಳು. ಅವರು ನಲವತ್ತು ಕಿಲೋಮೀಟರ್ ದೂರದಲ್ಲಿದ್ದರು. “ಹೊಗೆ-ಸೌನಾನಾ?” ಎಂದು ಕೇಳಿ, “ಹೊಗೆ ಬರೋದು ಸಹಜ ಅಲ್ವಾ ಅಮ್ಮ?” ಎಂದರು.

ನೀರು ಹಿಡಿಯುವಂಥದ್ದು ಆ ದಡದಲ್ಲಿ ಇದ್ದದ್ದು ಒಂದೇ, ಔಲಿಸನ ಕೈಯಲ್ಲಿ. ಮೂವರೂ ಅದನ್ನೇ ನೋಡಿದರು. ಓರ್ವೊ ಕೈ ಚಾಚಿದ. ಟೈಸ್ಟೊ ಅವನನ್ನು ತಡೆದ.

“ಬೇಡ ಕಣೋ. ಹಕ್ಕು ಅವನದು. ಗೆದ್ದಿದಾನೆ.” ಆಮೇಲೆ ದಾರಿಬದಿಯ ಪೈನ್ ಮರದ ಕಡೆ ತಿರುಗಿದ. ಬಿಸಿಲಿನ ಜೊತೆ ಬೆಂಕಿಯ ಬೆಳಕೂ ಸೇರಿ ಅಕ್ಷರಗಳು ಚೆನ್ನಾಗಿ ಕಾಣುತ್ತಿದ್ದವು. ಗಂಟಲು ಸರಿಮಾಡಿಕೊಂಡು, ಚರ್ಚಿನಲ್ಲಿ ಓದುವವನ ಹಾಗೆ ನಿಧಾನವಾಗಿ ಓದಿದ. “‘ಏನೇ ಕೆಟ್ಟರೂ. ಯಾರೇ ಕೆಡಿಸಿದರೂ. ಒಬ್ಬನೇ ಸರಿಮಾಡತಕ್ಕದ್ದು.’ ನಿನ್ನ ಅಕ್ಷರ ದುಂಡಗಿದೆ ಕಣೋ ಔಲಿಸ್.”

ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಅನ್ನುತ್ತಾರೆ. ಸಿಟ್ಟಿನಲ್ಲಿ ಹೊಡೆದ ಮೊಳೆಯೂ ಕಿತ್ತು ಬರುವುದಿಲ್ಲ. ಔಲಿಸ್ ನಾಲ್ಕು ಹೊಡೆದಿದ್ದ. ಅವನು ಟೈಸ್ಟೊನನ್ನು ನೋಡಿದ, ಹಲಗೆಯನ್ನು ನೋಡಿದ, ಅಜ್ಜಂದಿರ ಸೌನಾವನ್ನು ನೋಡಿದ. ಈ ಸಲ ಬೈಯಲು ಯಾರ ಅಜ್ಜನೂ ಸಿಗಲಿಲ್ಲ. ಹೊಂಡದಿಂದ ಒಂದು ಸೌಟು ನೀರು ಮೊಗೆದು, ತಗಡಿನ ಬಟ್ಟೆಯಲ್ಲಿ ಕಟಕಟ ಸದ್ದು ಮಾಡುತ್ತ ನಡೆದು ಹೋಗಿ, ಉರಿಯುವ ಗೋಡೆಗೆ ಬಲವಾಗಿ ಎರಚಿದ.

ಚುಯ್ ಎಂದು ಎದ್ದ ಬಿಸಿ ಹಬೆ ನೇರವಾಗಿ ಬಂದು ಅವನ ಎರಡೂ ಕಿವಿಗೆ ಹೊಡೆಯಿತು. ಔಲಿಸ್ ಕಿವಿ ಮುಚ್ಚಿಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದ.

ಟೈಸ್ಟೊ, ಓರ್ವೊ ಇಬ್ಬರೂ ಇದ್ದಲ್ಲೇ ಇದ್ದರು. ಓರ್ವೊ ಕೈಗವಸು ಕಳಚಿ ಅಂಗೈ ಕಾಯಿಸಿಕೊಳ್ಳುತ್ತಿದ್ದ.

“ಸೈಮಿ ಅತ್ತೆ, ಬರ್ಕೊಳ್ಳಿ” ಎಂದ ಟೈಸ್ಟೊ. “ಈ ವರ್ಷದ ಮೊದಲ ಸೌನಾ. ಮೊದಲು ಇಳಿದೋನು ಔಲಿಸ್.” ಕುಸಿಯುತ್ತಿದ್ದ ಛಾವಣಿಯನ್ನು ನೋಡಿ, ಮರುಕದಿಂದ ಸೇರಿಸಿದ: “ಪಾಪ, ಕೂರೋಕೆ ಮಕ್ಕಳ ಮೆಟ್ಟಿಲೂ ಇಲ್ಲ.”