ಬೂದು ಹೆಡ್‌ಫೋನು ಅತಿಯಾಗಿ ನಿಜ ಹೇಳುತ್ತಿರುವ ಬಗ್ಗೆ

ಗವಾಕ್ಷಿ ಹೆಡ್‌ಫೋನ್ ಕಂಪನಿಯ ವ್ಯವಸ್ಥಾಪಕರ ಸನ್ನಿಧಾನಕ್ಕೆ,

ಮಾನ್ಯರೇ,

ಶಹಾಪುರ ತಾಲೂಕಿನ ಸಗರದಿಂದ, ಕಾಲುವೆಯ ಗೇಟು ಎತ್ತಿ ಇಳಿಸುವ ನೌಕರನಾದ ಮರಿಲಿಂಗಪ್ಪನು ತಮಗೂ ತಮ್ಮ ಕಾರ್ಖಾನೆಗೂ ನಡು ಬಗ್ಗಿಸಿ ಮಾಡುವ ನಮಸ್ಕಾರಗಳು. ತಮ್ಮಲ್ಲಿ ತಂತಿ ಬೆಸೆಯುವವರು, ಜಾಲರಿ ಕೂರಿಸುವವರು, ಕಿವಿಯ ಮೆತ್ತೆ ಹೊಲಿಯುವವರು ಎಲ್ಲರೂ ಕ್ಷೇಮವಾಗಿರಲೆಂದು ಹಾರೈಸುತ್ತೇನೆ. ಪೆಟ್ಟಿಗೆಯ ಮೇಲೆ ವಿಳಾಸ ಬರೆಯುವವರಿಗೆ ಮಾತ್ರ ಸದ್ಯಕ್ಕೆ ಹಾರೈಕೆ ಇಲ್ಲ, ಕಾರಣ ಮುಂದಿದೆ.

ಇಂಥ ದೊಡ್ಡ ಕಂಪನಿಗೆ ದೂರು ಬರೆಯಲು ಇವನ್ಯಾರು ಎಂದು ತಾವು ಕೇಳುವ ಮೊದಲೇ ನನ್ನ ಕಿವಿಯ ಬಗ್ಗೆ ಎರಡು ಮಾತು ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮ ಭಾಗಕ್ಕೆ ಕಾಲುವೆ ಬಂದ ಮೇಲೆ ಬೆಳೆ ಬದಲಾಯಿತು, ಅದರ ಜೊತೆಗೆ ಜಗಳವೂ ಬದಲಾಯಿತು. ಹಿಂದೆ ಬದುವಿಗಾಗಿ ಹಿಡಿಯುತ್ತಿದ್ದ ಬಡಿಗೆಯನ್ನು ಜನ ಈಗ ನೀರಿನ ಪಾಳಿಗಾಗಿ ಹಿಡಿಯುತ್ತಾರೆ. ಅಂಥ ಜಾಗದಲ್ಲಿ ನಾನು ಗೇಟಿನ ಮೇಲೆ ನಿಂತು, ಕೆಳಗೆ ನುಗ್ಗುವ ನೀರಿನ ಸದ್ದನ್ನು ಕೇಳಿ, ನಾಲ್ಕು ಬೆರಳು ಹೋಗುತ್ತಿದೆ, ಆರು ಬೆರಳು ಹೋಗುತ್ತಿದೆ ಎಂದು ಹೇಳಿದರೆ ನಾಲ್ಕೂರಿನ ರೈತರು ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತಾರೆ. ಮರಿಲಿಂಗಪ್ಪನ ಕಿವಿ ಸುಳ್ಳು ಹೇಳುವುದಿಲ್ಲ ಎಂಬುದು ಇಲ್ಲಿ ಗಾದೆಯ ಹಾಗೆ ಓಡಾಡುವ ಮಾತು, ಮತ್ತು ಅದನ್ನು ಎಲ್ಲರಿಗಿಂತ ಹೆಚ್ಚಾಗಿ ನಂಬಿದವನು ನಾನೇ.

ಇದೇ ಕಿವಿಯ ಬಲದಿಂದ ಪ್ರತಿ ಸೋಮವಾರ ಸಂಜೆ ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ನಡೆಯುವ ನಮ್ಮ ಭಜನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ತಾಳ ಹಾಕುತ್ತ ಬಂದಿದ್ದೇನೆ. ನನ್ನ ಎಡಕ್ಕೆ ಅಷ್ಟೇ ವರ್ಷಗಳಿಂದ ತಬಲಾ ಹಿಡಿದು ಕೂತವನು ಅಮಾತೆಪ್ಪ. ಸುರಪುರದ ಕಡೆಯಿಂದ ಮನೆ ಅಳಿಯನಾಗಿ ಬಂದು ನಮ್ಮೂರವನೇ ಆಗಿಹೋದ ಈತ ಎರಡೆಕರೆ ಮೆಣಸಿನಕಾಯಿ ಬೆಳೆಯುತ್ತಾನೆ, ಮಾತು ಕಡಿಮೆ, ನಕ್ಕರೂ ಮೀಸೆಯೊಳಗೇ ನಗುವ ಮನುಷ್ಯ. ನನಗೆ ಅವನಿಗಿಂತ ಹತ್ತಿರದ ಸ್ನೇಹಿತರಿಲ್ಲ.

ಕಳೆದ ಶ್ರಾವಣದಲ್ಲಿ, ಶಹಾಪುರದ ಬಸ್ ನಿಲ್ದಾಣದ ಬಳಿ ಫೋನ್ ರಿಪೇರಿ ಅಂಗಡಿ ಇಟ್ಟಿರುವ ಜಲಾಲುದ್ದೀನ ತನ್ನ ಎರಡು ಮೈಕಿನ ರೆಕಾರ್ಡರನ್ನು ನಮ್ಮ ನಡುವೆ ಇಟ್ಟು ಒಂದು ಪದವನ್ನು ರೆಕಾರ್ಡು ಮಾಡಿಕೊಟ್ಟ. ಮನೆಯಲ್ಲಿ ಫೋನಿಗೆ ಹಾಕಿ ಕೇಳಿದರೆ ಮೂರನೆಯ ನುಡಿಯಲ್ಲಿ ಹಾಡು ಎಲ್ಲೋ ಕುಂಟುತ್ತದೆ, ಕುಂಟುವ ಕಾಲು ಯಾರದೆಂದು ಮಾತ್ರ ಗೊತ್ತಾಗುವುದಿಲ್ಲ. ಅದನ್ನು ಪತ್ತೆ ಮಾಡಲೇಬೇಕೆಂದು ಹಟ ಹಿಡಿದು ಅವನ ಅಂಗಡಿಗೆ ಹೋದಾಗ ಅವನು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ: “ಕಾಕಾ, ಮುಚ್ಚಿದ್ದು ತಗೋಬ್ಯಾಡ್ರಿ, ನಮ್ಮ ಬ್ಯಾಸಗ್ಯಾಗ ಕಿವಿ ಬೆಂದು ಹೋಗ್ತಾವ. ಹಿಂದ ಜಾಲರಿ ಇರೋದು ತಗೋರಿ, ಗಾಳಿ ಆಡ್ತದ, ಹಾಡು ಎದುರಿಗಿ ಕುಂತು ಹಾಡಿದಂಗ ಕೇಳಿಸ್ತದ. ಒಂದೇ ತೊಂದ್ರಿ, ಒಳಗಿಂದು ಹೊರಗಿನವ್ರಿಗೂ ಕೇಳಿಸ್ತದ.” ಆ ಒಂದೇ ತೊಂದರೆಯನ್ನು ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ಕಪ್ಪು ಬಣ್ಣದ್ದೊಂದು, ಬೂದು ಬಣ್ಣದ್ದೊಂದು, ತಮ್ಮವೇ ಎರಡು ಮಾದರಿ ತರಿಸಿ, ಹೋಲಿಸಿ, ಒಳ್ಳೆಯದನ್ನು ಇಟ್ಟುಕೊಳ್ಳುವುದೆಂದು ತೀರ್ಮಾನವಾಯಿತು.

ಕಪ್ಪು ಹೆಡ್‌ಫೋನು ನಾಲ್ಕೇ ದಿನದಲ್ಲಿ ಬಂತು. ಜಾಲರಿ ಇರುವವುಗಳಲ್ಲಿ ಡಗ್ಗಾದ, ಅಂದರೆ ತಬಲಾದ ಎಡಗೈ ವಾದ್ಯದ, ದಪ್ಪ ಸದ್ದು ಸೋರಿಹೋಗುತ್ತದೆ ಎಂದು ಜನ ಹೇಳುವುದನ್ನು ತಾವು ಸುಳ್ಳು ಮಾಡಿದ್ದೀರಿ, ಅದಕ್ಕೆ ಅಭಿನಂದನೆಗಳು. ಡಗ್ಗಾದ ಒಂದೊಂದು ಪೆಟ್ಟೂ ದವಡೆಯ ತನಕ ಇಳಿಯುತ್ತಿತ್ತು. ಅದರ ಅಬ್ಬರದಲ್ಲಿ ಹಾಡುವವರು ಪಕ್ಕದ ಓಣಿಗೆ ಎದ್ದುಹೋಗಿದ್ದರು, ಹಾರ್ಮೋನಿಯಂ ಕಂಬಳಿ ಹೊದ್ದು ಮಲಗಿತ್ತು, ತಾಳವಂತೂ ಇದೆಯೆಂದರೆ ಇದೆ, ಇಲ್ಲವೆಂದರೆ ಇಲ್ಲ. ಕಿವಿಗೆ ಬಿದ್ದದ್ದು ಒಂದೇ ಸಂಗತಿ: ಮೂರನೆಯ ನುಡಿ ಬಂದಾಗಲೆಲ್ಲ ಡಗ್ಗಾ ಹಿಂದೆ ಬೀಳುತ್ತದೆ.

ಗೇಟಿನ ನೀರಿಗೆ ತೀರ್ಪು ಕೊಟ್ಟು ರೂಢಿಯಾದವನಿಗೆ ಮನುಷ್ಯನಿಗೆ ತೀರ್ಪು ಕೊಡಲು ಎಷ್ಟು ಹೊತ್ತು ಬೇಕು? ಮುಂದಿನ ಸೋಮವಾರ ಹತ್ತು ಮಂದಿಯ ಎದುರು, ತಪ್ಪು ತಬಲಾದ್ದು ಎಂದು ಹೇಳಿ, ಹೆಡ್‌ಫೋನನ್ನು ಒಬ್ಬೊಬ್ಬರ ತಲೆಗೂ ಏರಿಸಿದೆ. ಎಲ್ಲರೂ ಕೇಳಿ ತಲೆದೂಗಿದರು, ಏಕೆಂದರೆ ಅವರೆಲ್ಲ ಗೇಟಿನ ಬಳಿಯೂ ನನ್ನ ಮಾತಿಗೆ ತಲೆದೂಗುವವರೇ. ಅಮಾತೆಪ್ಪನೊಬ್ಬ ಅದನ್ನು ಹಾಕಿಕೊಳ್ಳಲಿಲ್ಲ. “ನಿಂಗ ಹಂಗ ಕೇಳಿಸಿದ್ರ ಹಂಗೇ ಇರಬೇಕು ಬಿಡು” ಎಂದವನೇ ತಬಲಾ ಡಗ್ಗಾ ಎರಡನ್ನೂ ಬಟ್ಟೆಯಲ್ಲಿ ಸುತ್ತಿ, ಗುಡಿಯ ಗೋಡೆಯ ಗೂಡಿನಲ್ಲಿ ಇಟ್ಟು ಮನೆಗೆ ಹೋದ. ಮತ್ತೆ ಕಟ್ಟೆ ಹತ್ತಲಿಲ್ಲ.

ಅವನ ಜಾಗದಲ್ಲಿ ನಾವು ಫೋನಿನೊಳಗಿನ ತಬಲಾವನ್ನು ಕೂರಿಸಿಕೊಂಡೆವು. ಅದಕ್ಕೆ ಊಟ ಬೇಡ, ಚಹಾ ಬೇಡ, ಒಂದು ಗುಂಡಿ ಒತ್ತಿದರೆ ಮುಗಿಯಿತು, ಬೆಳಗಾಗುವ ತನಕ ಒಂದೇ ಅಳತೆಯಲ್ಲಿ ನುಡಿಯುತ್ತದೆ. ಆದರೆ ಆ ಯಂತ್ರವೂ ಮೂರನೆಯ ನುಡಿ ಬಂದೊಡನೆ ನನ್ನನ್ನು ಬಿಟ್ಟು ಮುಂದೆ ಓಡತೊಡಗಿತು. ಸತತ ಮೂರು ಸೋಮವಾರ ನಾನು ಫೋನಿಗೂ ಬೈದೆ, ಅದರ ಬ್ಯಾಟರಿಗೂ ಬೈದೆ.

ಇಷ್ಟರ ನಡುವೆ ತಮ್ಮ ಬೂದು ಹೆಡ್‌ಫೋನು, ವಿಳಾಸ ಬರೆದ ಪುಣ್ಯಾತ್ಮರ ಕೃಪೆಯಿಂದ ಸುರಪುರ ನೋಡಿ, ಯಾದಗಿರಿ ನೋಡಿ, ಏನು ಮರೆತಿತ್ತೋ ಏನೋ ಮತ್ತೊಮ್ಮೆ ಸುರಪುರಕ್ಕೆ ಹೋಗಿ, ಒಂದು ತಿಂಗಳ ಮೇಲೆ ಸಗರಕ್ಕೆ ದಯಮಾಡಿಸಿತು. ಮಾನ್ಯರೇ, ನನ್ನ ದೂರಿನ ಬೇರು ಇಲ್ಲಿದೆ. ಎರಡೂ ಒಂದೇ ದಿನ ಬಂದಿದ್ದರೆ ನಾನು ಎರಡನ್ನೂ ಕೇಳಿ ಬಾಯಿ ತೆರೆಯುತ್ತಿದ್ದೆ. ಒಂದೇ ಬಂದದ್ದರಿಂದ ಒಂದನ್ನೇ ಕೇಳಿ ತೆರೆದೆ.

ಬೂದು ಹೆಡ್‌ಫೋನಿನ ಗುಣಗಾನ ಮಾಡದಿದ್ದರೆ ನನ್ನ ನಾಲಿಗೆಗೆ ದೋಷ ತಟ್ಟುತ್ತದೆ. ಅದರಲ್ಲಿ ಡಗ್ಗಾ ಏಕಾದಶಿ ಉಪವಾಸ ಮಾಡಿದಷ್ಟು ತೆಳ್ಳಗಿದೆ ನಿಜ. ಆದರೆ ಕಣ್ಣು ಮುಚ್ಚಿಕೊಂಡರೆ ಯಾರು ಎಲ್ಲಿ ಕೂತಿದ್ದಾರೆಂದು ಬೆರಳಿಟ್ಟು ತೋರಿಸಬಹುದು. ಹಾರ್ಮೋನಿಯಂ ತಿದಿ ಎಲ್ಲಿ ಹರಿದಿದೆ, ಮುಂದಿನ ಸಾಲಿಗೆ ಮುಂಚೆ ಯಾರು ಎಲೆಅಡಿಕೆ ನುಂಗಿದರು ಎಂಬುದೂ ತಿಳಿಯುತ್ತದೆ. ತಾಳದ ಮಾತಂತೂ ಕೇಳಲೇಬೇಡಿ, ಕಂಚಿಗೆ ಕಂಚು ತಗುಲಿದ ಕ್ಷಣದಿಂದ ಅದರ ನಾದ ಕರಗಿ ಇಲ್ಲವಾಗುವ ತನಕ ಒಂದೆಳೆಯೂ ತಪ್ಪಿಹೋಗುವುದಿಲ್ಲ. ಹಗುರಾಗಿದೆ, ಕಿವಿ ಬೆವರುವುದಿಲ್ಲ, ಗಂಟೆಗಟ್ಟಲೆ ಹಾಕಿಕೊಂಡು ಕೂತರೂ ತಲೆಯ ಮೇಲೆ ಏನೂ ಇಲ್ಲವೆನ್ನಿಸುತ್ತದೆ. ಆ ಮಧ್ಯಾಹ್ನ ಅಡುಗೆಮನೆಯ ಬಾಗಿಲಲ್ಲಿ ಕೂತು ನಾನು ಹೀಗೆ ತಮ್ಮನ್ನು ಮನಸ್ಸಿನಲ್ಲೇ ಹರಸುತ್ತಿದ್ದಾಗ, ಒಳಗೆ ನನ್ನ ಹೆಂಡತಿ ಮೋನಮ್ಮ ಜೋಳದ ರೊಟ್ಟಿ ಬಡಿಯುತ್ತಿದ್ದಳು.

ಜಾಲರಿಯಿಂದ ಸೋರಿದ ಹಾಡು ಅವಳಿಗೂ ಕೇಳುತ್ತಿತ್ತು, ಅವಳ ಕೈ ತನಗೆ ತಾನೇ ಅದರ ಲಯಕ್ಕೆ ರೊಟ್ಟಿ ಬಡಿಯುತ್ತಿತ್ತು. ಮೂರನೆಯ ನುಡಿಗೆ ಸರಿಯಾಗಿ ಕೈ ತಡವರಿಸಿ ರೊಟ್ಟಿಯ ಅಂಚು ಹರಿಯಿತು. ಯಾಕೆ ನಿಲ್ಲಿಸಿದೆ ಎಂದು ಕೇಳಿದೆ. “ನಾ ಎಲ್ಲಿ ನಿಲ್ಲಿಸೀನ್ರಿ, ನಿಮ್ಮ ತಾಳ ನಿಂತದ. ಡಗ್ಗಾ ಪಾಪ ಹಿಂದಕ್ಕ ಬಂದು ಅದನ್ನ ಕೈ ಹಿಡಿದು ಕರಕೊಂಡು ಹೋಗಾಕತ್ತದ” ಎಂದು, ತಲೆ ಎತ್ತದೆ, ಹರಿದ ಅಂಚನ್ನು ಕೂಡಿಸುತ್ತ ಹೇಳಿದಳು.

ಅದೇ ಜಾಗವನ್ನು ಹನ್ನೊಂದು ಸಲ ಕೇಳಿದೆ. ಹನ್ನೊಂದು ಸಲವೂ ಮೊದಲು ನನ್ನ ತಾಳ ತಡವಾಗುತ್ತಿತ್ತು, ಆಮೇಲೆ ಅಮಾತೆಪ್ಪನ ಡಗ್ಗಾ ಅದಕ್ಕಾಗಿ ತಡೆದು ನಿಲ್ಲುತ್ತಿತ್ತು. ತಾವು ಮುಚ್ಚಿದ ಹೆಡ್‌ಫೋನು ಮಾಡುವವರಾಗಿದ್ದರೆ ಈ ಸಂಗತಿ ನನ್ನ ಎರಡು ಕಿವಿಗಳ ನಡುವೆಯೇ ಉಳಿಯುತ್ತಿತ್ತು, ಮತ್ತು ಅಲ್ಲಿ ಉಳಿಸಿಕೊಳ್ಳುವಷ್ಟು ಹೇಡಿತನ ನನ್ನಲ್ಲಿ ಖಂಡಿತ ಇತ್ತು. ಆದರೆ ಮೋನಮ್ಮ ಕೇಳಿಬಿಟ್ಟಿದ್ದಳು. ಅವಳು ಆ ಹೊತ್ತು ನನಗೆ ರೊಟ್ಟಿ ಹಾಕಲಿಲ್ಲ, ಚಪ್ಪಲಿ ತಂದು ಮುಂದೆ ಇಟ್ಟಳು.

ಅಮಾತೆಪ್ಪ ಮೆಣಸಿನ ಹೊಲದಲ್ಲಿ ಕಳೆ ತೆಗೆಯುತ್ತಿದ್ದ. ನಾನು ಬೂದು ಹೆಡ್‌ಫೋನನ್ನು ಅವನ ತಲೆಗೆ ಹಾಕಿ ಹಾಡು ಹಚ್ಚಿದೆ. ಬದುವಿನ ಮೇಲೆ ಕೂತು ಪೂರ್ತಿ ಕೇಳಿ, ತೆಗೆದು ಕೈಗೆ ಕೊಟ್ಟ. “ಇದೇನು ಹೊಸಾದಲ್ಲೋ. ಇಪ್ಪತ್ತೆರಡು ವರ್ಷ ಆತು, ಮೂರನೇ ನುಡಿಗಿ ನಿನ್ನ ಕೈ ಹಿಂದ ಬೀಳ್ತದ, ನಾ ತಡದು ಕರಕೊಂಡು ಬರ್ತೀನಿ” ಎಂದ. ಹಾಗಾದರೆ ಅವತ್ತು ಕಟ್ಟೆಯ ಮೇಲೆ ಯಾಕೆ ಸುಮ್ಮನಿದ್ದೆ ಎಂದು ಕೇಳಿದಾಗ ಅವನು ಕಳೆಗುದ್ದಲಿಯ ಮಣ್ಣು ಕೆರೆಯುತ್ತ ಹೇಳಿದ: “ಹತ್ತು ಮಂದ್ಯಾಗ ನಿನ್ನ ಕಿವಿ ಸುಳ್ಳು ಅಂದ್ರ, ನಾಳಿ ಗೇಟಿನ ಹತ್ರ ನಿನ್ನ ಮಾತು ಯಾರು ಕೇಳ್ತಾರ? ತಬಲಾ ಇಲ್ಲದ ಭಜನಿ ನಡೀತದ. ನೀರಿನ ಪಾಳಿ ತಪ್ಪಿದ್ರ ತಲಿ ಒಡೀತಾವ.”

ನನಗೆ ನಾಚಿಕೆಯಾಯಿತು. ಅವನ ಹೆಂಡತಿ ಮಲ್ಲಾಬಾಯಿ ಹೊಲಕ್ಕೆ ತಂದ ಚಹಾವನ್ನು ಬದುವಿನ ಮೇಲೇ ಇಟ್ಟೆ. ಮರಳಿ ಬಾ ಎಂದು ಕರೆದರೆ, ನೀನು ಯಾರ ಎದುರೂ ಏನೂ ಹೇಳಬೇಡ, ಹೇಳದಿದ್ದರೆ ತಪ್ಪಿನ ಹೆಸರು ಹೊತ್ತು ನಾನು ಬರಲಿಕ್ಕೂ ಆಗುವುದಿಲ್ಲ, ಇರುವುದು ಇದ್ದ ಹಾಗೆ ಇರಲಿ ಎಂದು ಮತ್ತೆ ಕಳೆ ತೆಗೆಯಲು ಬಗ್ಗಿದ. ಹೀಗಾಗಿ ಈಗ ನನ್ನ ಮುಂದಿರುವುದು ಎರಡೇ ದಾರಿ: ಸೋಮವಾರ ನಿಜ ಹೇಳಿ ಗೇಟಿನ ಬಳಿ ನನ್ನ ಕಿವಿಯ ಮರ್ಯಾದೆ ಕಳೆದುಕೊಳ್ಳುವುದು, ಇಲ್ಲವೇ ಸುಮ್ಮನಿದ್ದು ಅಮಾತೆಪ್ಪನನ್ನು ಕಳೆದುಕೊಳ್ಳುವುದು.

ಆದ್ದರಿಂದ ಮಾನ್ಯರಲ್ಲಿ ಕೈಮುಗಿದು ಕೋರುವುದೇನೆಂದರೆ, ತಮ್ಮ ಬೂದು ಹೆಡ್‌ಫೋನು ಹುಟ್ಟಿನಿಂದಲೇ ಕೆಟ್ಟದ್ದು, ಅದು ತಾಳವನ್ನು ಬೇಕೆಂದೇ ತಡವಾಗಿ ಕೇಳಿಸುತ್ತದೆ, ಅದೇ ರೀತಿ ಕಪ್ಪು ಹೆಡ್‌ಫೋನು ಡಗ್ಗಾದ ಮೇಲೆ ಹಳೆಯ ದ್ವೇಷ ಇಟ್ಟುಕೊಂಡಿದೆ, ಸಗರದಲ್ಲಿ ಯಾರೂ ಯಾರಿಗೂ ತಪ್ಪು ಮಾಡಿಲ್ಲ ಎಂದು ಒಂದು ಪ್ರಮಾಣಪತ್ರವನ್ನು ಮೊಹರು ಹಾಕಿ ಸೋಮವಾರ ಸಂಜೆಯೊಳಗೆ ತಲುಪಿಸಬೇಕು. ವಿಳಾಸವನ್ನು ಈ ಸಲ ತಾವೇ ಸ್ವತಃ ಬರೆಯಬೇಕು. ಇದು ಸಾಧ್ಯವಿಲ್ಲದಿದ್ದರೆ ಬೇರೆಯವರ ತಪ್ಪನ್ನು ಡಗ್ಗಾದಷ್ಟು ದಪ್ಪವಾಗಿ, ನಮ್ಮ ತಪ್ಪನ್ನು ಉಪವಾಸದಷ್ಟು ತೆಳುವಾಗಿ ಕೇಳಿಸುವ ಮಾದರಿಯೊಂದನ್ನು ಕೂಡಲೇ ತಯಾರಿಸಬೇಕು. ನಮ್ಮ ಮೂರು ತಾಲೂಕುಗಳಲ್ಲೇ ಅದಕ್ಕೆ ಸಾಲು ಹಚ್ಚುತ್ತಾರೆ. ಅದೂ ಆಗದಿದ್ದರೆ ಜಾಲರಿಗೆ ಹೊಂದುವ ಎರಡು ರಬ್ಬರ್ ಬಿರಡೆಗಳನ್ನಾದರೂ ಜೊತೆಗೆ ಕೊಟ್ಟು, ರೊಟ್ಟಿ ಬಡಿಯುವವರ ಸಮೀಪ ಬಳಸಬಾರದು ಎಂದು ಪೆಟ್ಟಿಗೆಯ ಮೇಲೆ ಕೆಂಪಕ್ಷರದಲ್ಲಿ ಅಚ್ಚು ಹಾಕಿಸಬೇಕು. ಬಳಸುವವರ ದೋಷಕ್ಕೆ ಕಂಪನಿ ಹೊಣೆಯಲ್ಲ ಎಂದು ಗ್ಯಾರಂಟಿ ಚೀಟಿಯ ಕೊನೆಯಲ್ಲಿ ಇರುವೆಗಳಷ್ಟು ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ. ಅದನ್ನು ನಾನು ಮೊದಲೇ ಓದಿಕೊಳ್ಳಬೇಕಿತ್ತು.

ಹೋಲಿಕೆಯ ಫಲಿತಾಂಶ ತಿಳಿಸದೆ ಪತ್ರ ಮುಗಿಸುವುದು ಸಭ್ಯತೆಯಲ್ಲ. ಹಾಡು ಕೇಳಲು ಬೂದು ಮೇಲು, ಮಾನ ಉಳಿಸಿಕೊಳ್ಳಲು ಕಪ್ಪು ಮೇಲು. ಯಾವುದನ್ನು ವಾಪಸು ಕಳಿಸಲಿ ಎಂದು ಜಲಾಲುದ್ದೀನ ದಿನಾ ಫೋನು ಮಾಡುತ್ತಾನೆ, ನಾನು ಎತ್ತುತ್ತಿಲ್ಲ.

ಸೋಮವಾರದ ತನಕ ಮಾತ್ರ
ತಮ್ಮ ವಿಶ್ವಾಸಿ,
ಮರಿಲಿಂಗಪ್ಪ
ಕಾಲುವೆ ಗೇಟು, ಸಗರ

ತಾ.ಕ.: ಪ್ರಮಾಣಪತ್ರ ಬರಲಿಲ್ಲ. ಪತ್ರ ಅಂಚೆಗೆ ಬೀಳದೆ ನನ್ನ ಅಂಗಿಯ ಜೇಬಿನಲ್ಲೇ ಉಳಿದದ್ದು ಅದಕ್ಕೆ ಕಾರಣವಾಗಿರಬಹುದಾದರೂ, ನಾನು ತಮ್ಮನ್ನೇ ಬೈಯುವುದೆಂದು ನಿಶ್ಚಯಿಸಿದ್ದೇನೆ. ಸೋಮವಾರ ಸಂಜೆ ಅಮಾತೆಪ್ಪನನ್ನು ಮೋನಮ್ಮ ಮತ್ತು ಮಲ್ಲಾಬಾಯಿ ಇಬ್ಬರೂ ಸೇರಿ ಕಟ್ಟೆಯ ತನಕ ಕರೆತಂದಿದ್ದರು. ನಾನು ಎದ್ದು ನಿಂತು, ತಪ್ಪು ನನ್ನದು, ಅವನದಲ್ಲ ಎಂದು ಹೇಳಿದೆ. ಆಮೇಲೆ ಕಾಲುವೆಯ ಕೊನೆಯಲ್ಲಿ ಹೊಲ ಇರುವ ಸಂಗಣ್ಣ ಮೆಲ್ಲಗೆ ಕೇಳಿದ: “ಹಂಗಾದ್ರ ನಮ್ಮ ನೀರು?” ಮರುದಿನ ಅವನೂ ಇನ್ನೂ ನಾಲ್ಕು ಮಂದಿಯೂ ಬಂದು, ಗೇಟಿನ ಗೋಡೆಯ ಅಳತೆಪಟ್ಟಿಯ ಪಾಚಿ ಉಜ್ಜಿ, ನನ್ನ ಕಿವಿ ಹೇಳಿದ್ದನ್ನೂ ಪಟ್ಟಿ ಹೇಳಿದ್ದನ್ನೂ ಹೊಂದಿಸಿ ನೋಡಿದರು. ಅರ್ಧ ಬೆರಳಿನಷ್ಟೇ ವ್ಯತ್ಯಾಸ. ನೀರಿನ ಮಟ್ಟಿಗೆ ಕಿವಿ ಸರಿಯಾಗಿದೆ. ನಾನು ಮಾಡುವ ಸದ್ದು ಮಾತ್ರ ನನಗೆ ಕೇಳಿಸುವುದಿಲ್ಲವಂತೆ. ಇನ್ನು ಮುಂದೆ ಪ್ರತಿ ಪಾಳಿಗೂ ಒಬ್ಬರು ಪಟ್ಟಿ ನೋಡುವುದೆಂದು ಆಗಿದೆ.

ತಾಳವನ್ನು ಬೇರೆ ಯಾರಿಗಾದರೂ ಕೊಡಿ ಎಂದು ಆ ಸೋಮವಾರವೇ ಎಲ್ಲರ ಮುಂದೆ ಇಟ್ಟಿದ್ದೆ. ಅಮಾತೆಪ್ಪ ಡಗ್ಗಾದ ಬಟ್ಟೆ ಬಿಚ್ಚುತ್ತ, “ಅವನ ಕೈಯಾಗೇ ಇರಲಿ. ನಂಗ ಕಾಯೋದು ರೂಢಿ ಆಗ್ಯದ” ಎಂದ. ಆ ಮಾತು ಕೇಳಿದಂದಿನಿಂದ ಅವನನ್ನು ಇನ್ನು ಕಾಯಿಸಬಾರದೆಂದು ನಾನು ತಾಳವನ್ನು ತುಸು ಬೇಗ ಹಾಕುತ್ತಿದ್ದೇನೆ. ಈಗ ಅವನು ನನ್ನ ಹಿಂದೆ ಓಡಬೇಕಾಗಿದೆಯೆಂದು ಮೋನಮ್ಮ ಹೇಳುತ್ತಾಳೆ. ಬೂದು ಮಾದರಿಗಿಂತಲೂ ಸ್ಪಷ್ಟವಾದ ಇನ್ನೊಂದನ್ನು ತಾವು ತಯಾರಿಸುತ್ತಿರುವುದಾಗಿ ಜಲಾಲುದ್ದೀನನಿಂದ ತಿಳಿಯಿತು. ದಯವಿಟ್ಟು ಅವಸರ ಮಾಡಬೇಡಿ, ಅಮಾತೆಪ್ಪನಿಗೆ ಓಡುವುದೂ ರೂಢಿಯಾಗಲು ಇನ್ನೊಂದು ಇಪ್ಪತ್ತೆರಡು ವರ್ಷ ಬೇಕು.