ಮೊದಲು ಕೊನೆಯ ಪುಟ

ಅಂಚೆ ಗುಮಾಸ್ತರು ಸಂಜೆ ಪುಸ್ತಕ ಬಿಡಿಸುವುದಕ್ಕೂ ಮುಂದಿನ ಕೋಣೆಯಿಂದ "ರೀ" ಎಂಬ ಕೂಗು ಬರುವುದಕ್ಕೂ ಏನೋ ಜನ್ಮಾಂತರದ ನಂಟು. ಹೆಂಡತಿ ಟೈಲರ್, ಮುಂದಿನ ಕೋಣೆಯೇ ಅವಳ ಅಂಗಡಿ. ಕಥೆಯಲ್ಲಿ ಡ್ರ್ಯಾಗನ್ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಇವರ ತೊಡೆಯ ಮೇಲೆ ಡಜನ್ ಅಂಗಿಗಳು ಬಂದು ಬೀಳುತ್ತಿದ್ದವು. ಗುಂಡಿ ಹೊಲಿಯಬೇಕು. ಓದುತ್ತಾ ಕೂತವನು ಅವಳ ಪ್ರಕಾರ ಸುಮ್ಮನೆ ಕೂತವನು.

ಇವಳಿಗೂ ಓದಿನ ರುಚಿ ಹತ್ತಿಸಿಬಿಟ್ಟರೆ ಸಂಜೆಯೆಲ್ಲ ಶಾಂತಿ ಎಂದು ಗುಮಾಸ್ತರಿಗೆ ಒಂದು ದಿನ ದಿವ್ಯಜ್ಞಾನವಾಯಿತು. ಇರಲಾರದವನು ಇರುವೆ ಬಿಟ್ಟುಕೊಂಡ ಎನ್ನುವುದು ಇಂಥದ್ದಕ್ಕೇ.

ಮಾಯಾಲೋಕದ ಕಥೆಗಳೆಂದರೆ ಏಳೇಳು ಸಂಪುಟ. ಹೊಸಬಳ ಕೈಗೆ ಅಂಥದ್ದು ಕೊಟ್ಟರೆ ಅದು ಇಸ್ತ್ರಿಪೆಟ್ಟಿಗೆಗೆ ಮಣೆಯಾದೀತು. ಒಂದೇ ಪುಸ್ತಕದಲ್ಲಿ ಹುಟ್ಟಿ ಅಲ್ಲೇ ಮುಗಿಯುವ ಕಾದಂಬರಿ ನಾಲ್ಕು, ಸಣ್ಣಕತೆಗಳ ಸಂಕಲನ ಒಂದು, ಹೀಗೆ ಅಳೆದು ಸುರಿದು ಐದನ್ನು ಆರಿಸಿದರು. (ಆರನೆಯದೂ ಒಂದಿತ್ತು. ಮೆಚ್ಚಿನ ಲೇಖಕರ ಕಟ್ಟಕಡೆಯ ಕಾದಂಬರಿ. ನಿವೃತ್ತಿಯಾದ ಮರುದಿನ ಓದಬೇಕೆಂದು ಒಂಬತ್ತು ವರ್ಷ ತೆರೆಯದೆ ಕಾಪಾಡಿದ್ದರು; ಇನ್ನು ನಾಲ್ಕೇ ತಿಂಗಳು. ಅದನ್ನು ಬೀರುವಿನಲ್ಲಿ ಕಂಬಳಿಗಳ ಕೆಳಗೆ ಬಚ್ಚಿಟ್ಟರು.)

ಮೊದಲಿಗೆ ಸಂಕಲನ ಕೊಟ್ಟು, ನೆರಳುಗಳನ್ನು ಹೊಲಿದುಕೊಡುವ ಮುದುಕಿಯ ಕತೆ ಓದು ಎಂದರು. ಹೆಂಡತಿ ನೇರವಾಗಿ ಆ ಕತೆಯ ಕೊನೆಯ ಪುಟ ತೆಗೆದಳು.

"ಕೊನೆ ಮೊದ್ಲೇ ನೋಡ್ಬಾರ್ದು ಕಣೇ."

"ಯಾವ ಬಟ್ಟೆ ಬಂದ್ರೂ ನಾನು ತಿರುಗ್ಸಿ ಒಳಹೊಲಿಗೆ ನೋಡೋದು. ಅದು ಗಟ್ಟಿಯಿದ್ರೆ ತಾನೇ ಮುಂದಿನ ಮಾತು?"

ಒಳಹೊಲಿಗೆ ಗಟ್ಟಿಯಿತ್ತೆಂದು ಕಾಣುತ್ತದೆ. ಆ ಸಂಜೆ "ರೀ" ಕೇಳಿಸಲಿಲ್ಲ. ತಿಂಗಳೊಳಗೆ ಐದೂ ಮುಗಿದವು. ಹಾರುವ ಸವಾರನ ಮೇಲಂಗಿಗೆ ಎರಡು ಮೀಟರ್ ಎಲ್ಲಿ ಸಾಕು ಎಂದು ಒಂದು ಪುಸ್ತಕದ ಅಂಚಿನಲ್ಲಿ ತಕರಾರು ಕೂಡ ಬರೆದಿದ್ದಳು. ಗುಮಾಸ್ತರು ಕಚೇರಿಯಲ್ಲಿ ಠಸ್ಸೆ ಒತ್ತುತ್ತಾ ಎಲ್ಲರ ಮುಂದೆ ಕೊಚ್ಚಿಕೊಂಡರು. ಮೂವತ್ತು ವರ್ಷದ ಸಂಸಾರದಲ್ಲಿ ಗಂಡ ಹೆಂಡತಿ ಊಟದ ಹೊತ್ತಿಗೆ ಗುಂಡಿಯ ವಿಷಯ ಬಿಟ್ಟು ಬೇರೆ ಮಾತಾಡಿದ್ದು ಇದೇ ಮೊದಲು, ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು.

ಆಮೇಲೆ ಚಳಿ ಬಂತು.

ಒಂದು ಸಂಜೆ ಗುಮಾಸ್ತರು ಮನೆಗೆ ಬಂದಾಗ ಹೆಂಡತಿ ಕಂಬಳಿ ಹೊದ್ದು ಇವರ ಕುರ್ಚಿಯಲ್ಲೇ ಕೂತಿದ್ದಳು. ಕಣ್ಣಲ್ಲಿ ನೀರು, ಮಡಿಲಲ್ಲಿ ಆರನೆಯ ಪುಸ್ತಕ.

"ರೀ, ಆ ಬಾಗಿಲು ಕಾಯೋ ಮುದುಕನೇ ಡ್ರ್ಯಾಗನ್ ಅಂತೆ. ಪಾಪ, ಸ್ವಂತ ಮಗಳ ಕೈಯಲ್ಲೇ ಸಾಯ್ತಾನೆ."

ಗುಮಾಸ್ತರ ಕೈಯಿಂದ ಕೊಡೆ ಜಾರಿತು. "ನಾನು... ನಾನಿನ್ನೂ ಅದನ್ನ ಓದಿರ್ಲಿಲ್ಲ ಕಣೇ."

"ಮನೇಲಿ ತಂದಿಟ್ಕೊಂಡು ಓದದೇ ಇರೋರು ಯಾರಾದ್ರೂ ಇರ್ತಾರೇನ್ರೀ?" ಎಂದವಳು ಗಂಡನ ಮುಖ ನೋಡಿ ಪೆಚ್ಚಾದಳು. ಗಿರಾಕಿಗಳಿಗೆ ಹೇಳುವ ದನಿಯಲ್ಲಿ ಸಮಾಧಾನ ಹೇಳಿದಳು. "ಕೊನೆ ತುಂಬಾ ಗಟ್ಟಿಯಾಗಿದೆ. ನೀವು ಧೈರ್ಯವಾಗಿ ಓದ್ಬಹುದು."

ಆದದ್ದಾಯಿತೆಂದು ಗುಮಾಸ್ತರು ಪುಸ್ತಕಕ್ಕೆ ಕೈ ಚಾಚಿದರು. ಅವಳು ಅದನ್ನು ಕಂಬಳಿಯೊಳಕ್ಕೆ ಎಳೆದುಕೊಂಡಳು.

"ಈಗಲೇ ಅಲ್ಲ ರೀ, ನಾನಿನ್ನೂ ಮೊದಲನೇ ಪುಟದಲ್ಲಿದೀನಿ. ಸುಮ್ನೆ ಕೂತಿರ್ತೀರಲ್ಲ, ಅಲ್ಲೀವರೆಗೂ ಆ ಅಂಗಿಗಳಿಗೆ ಗುಂಡಿ ಹೊಲೀರಿ."